ನಾಲ್ಕು ಗಂಟೆಗೆ ಕಟ್ ಆಗುತ್ತಿದ್ದ ವೈಫೈ

ಹರಿಹರದಲ್ಲಿ ಕೊಟ್ರಮ್ಮ ಎಂಬ ಹೆಂಗಸು ಇದ್ದಳು. ಬಟ್ಟೆ ಹೊಲಿಯುವುದು ಅವಳ ಕಸುಬು. ಹುಟ್ಟಿನಿಂದಲೇ ಅವಳಿಗೆ ಕಿವಿ ಕೇಳಿಸದು, ಮಾತೂ ಬಾರದು. ತಂಗಿ ಹಾಲಮ್ಮನೂ ಹಾಗೆಯೇ. ಅವರನ್ನು ಯಾರೂ ಶಾಲೆಗೆ ಕಳಿಸಲಿಲ್ಲ. ಹಾಗಾಗಿ ಚಿಕ್ಕಂದಿನಲ್ಲೇ ಅಕ್ಕತಂಗಿ ಸೇರಿ ತಮ್ಮದೇ ಒಂದು ಕೈಮಾತು ಕಟ್ಟಿಕೊಂಡರು. ಅವ್ವನಿಗೆ ಒಂದು ಸನ್ನೆ, ಮಳೆಗೆ ಒಂದು, ಸಿಟ್ಟಿಗೆ ಒಂದು, ಕದ್ದು ತಿಂದ ಬೆಲ್ಲಕ್ಕೂ ಒಂದು. ಆ ಭಾಷೆಯನ್ನು ಪೂರ್ತಿ ಬಲ್ಲವರು ಅವರಿಬ್ಬರೇ.

ಹಾಲಮ್ಮ ಮದುವೆಯಾಗಿ ಬೀದರಿಗೆ ಹೋದಳು. ಅಲ್ಲಿಂದ ಮುಂದೆ ಇಬ್ಬರೂ ಮಾತಾಡುತ್ತಿದ್ದದ್ದು ವರ್ಷಕ್ಕೊಮ್ಮೆ, ದೀಪಾವಳಿಗೆ ತವರಿನಲ್ಲಿ ಸೇರಿದಾಗ. ಮೂರು ದಿನ ಅವರ ಕೈಗಳಿಗೆ ಬಿಡುವೇ ಇರುತ್ತಿರಲಿಲ್ಲ.

ಕೊಟ್ರಮ್ಮನ ಮಗಳು ರೂಪಶ್ರೀ ನರ್ಸರಿ ಶಾಲೆಯ ಟೀಚರ್. ಅವ್ವನ ಕೈಮಾತು ಅವಳಿಗೂ ಬಹುಪಾಲು ತಿಳಿಯುತ್ತಿತ್ತು. ಕೆಲಸ ಸಿಕ್ಕ ಮೇಲೆ ಅವಳು ಮನೆಗೆ ವೈಫೈ ಹಾಕಿಸಿ, ಅವ್ವನಿಗೆ ಒಂದು ಟ್ಯಾಬ್ ತಂದುಕೊಟ್ಟಳು. ಅಂದಿನಿಂದ ದಿನವೂ ನಾಲ್ಕು ಗಂಟೆಗೆ ಕೊಟ್ರಮ್ಮ ಹೊಲಿಗೆ ನಿಲ್ಲಿಸಿ ತಂಗಿಗೆ ವಿಡಿಯೊ ಕಾಲ್ ಮಾಡುತ್ತಿದ್ದಳು. ಎರಡು ವರ್ಷ ಹೀಗೇ ನಡೆಯಿತು.

ಬೇಸಿಗೆ ಬಂತು. ದಿನವೂ ನಾಲ್ಕು ಗಂಟೆಯ ಹೊತ್ತಿಗೇ ವೈಫೈ ಕಾಡತೊಡಗಿತು. ತಂಗಿಯ ಮುಖ ಕಾಣುತ್ತಿತ್ತು, ನಾಲ್ಕು ಮಾತು ಆಗುತ್ತಿತ್ತು, ಅಷ್ಟರಲ್ಲಿ ಚಿತ್ರ ನಿಂತುಹೋಗುತ್ತಿತ್ತು. ಮೋಡ ಕವಿದ ದಿನ ಮಾತ್ರ ಏನೂ ಆಗುತ್ತಿರಲಿಲ್ಲ. ರೂಪಶ್ರೀ ಐದೂವರೆಗೆ ಮನೆಗೆ ಬಂದು ನೋಡಿದರೆ ಎಲ್ಲ ಸರಿಯಾಗಿರುತ್ತಿತ್ತು. ಆದರೂ ಅವ್ವನ ಮಾತು ನಂಬಿ ಅವಳು ಕಂಪನಿಗೆ ದೂರು ಕೊಟ್ಟಳು.

ರಿಪೇರಿಗೆ ಬಂದವನು ತಿಪ್ಪೇಶ. ಕೆಲಸ ಬಲ್ಲವನು, ಆದರೆ ಸದಾ ಅವಸರ. ಮೊದಲ ಸಲ ಬೆಳಿಗ್ಗೆ ಹನ್ನೊಂದಕ್ಕೆ ಬಂದು ಅಡಾಪ್ಟರ್ ಬದಲಿಸಿದ. ಹಸಿರು ದೀಪ ಉರಿಯಿತು, ಹೊರಟ. ಎರಡನೇ ದೂರಿಗೆ ಬಂದು ವೈಫೈ ಪೆಟ್ಟಿಗೆಯನ್ನೇ ಬದಲಿಸಿದ. ಮೂರನೆಯದಕ್ಕೆ ಕಂಬ ಹತ್ತಿ ಹೊಸದಾಗಿ ಜಾಯಿಂಟ್ ಹಾಕಿದ. ಅವನು ಬಂದಾಗಲೆಲ್ಲ ಲೈನ್ ಚೆನ್ನಾಗಿಯೇ ಇರುತ್ತಿತ್ತು. ಕೊಟ್ರಮ್ಮ ಅವನ ತೋಳು ಹಿಡಿದು, ಗಡಿಯಾರ ತೋರಿಸಿ, ಕೈಯಾಡಿಸಿ ಏನೋ ಹೇಳಲು ನೋಡಿದಳು. ಅವನು "ಆಯ್ತಮ್ಮ, ಸರಿ ಆಯ್ತು" ಎಂದು ತಲೆಯಾಡಿಸಿ, ಬೈಕ್ ಹತ್ತಿದ.

ನಾಲ್ಕನೇ ದೂರು ಬಂದಾಗ ಅವನಿಗೆ ಸಿಟ್ಟು ಬಂತು. ಮೇಲ್ವಿಚಾರಕ ಖಲಂದರ್ ಸಾಹೇಬರ ಮುಂದೆ ಹೋಗಿ ನಿಂತ. ತಿಪ್ಪೇಶನಿಗೆ ಕೆಲಸ ಕಲಿಸಿದವರು ಅವರೇ.

"ಆ ಮನೇಲಿ ಏನೂ ತೊಂದ್ರೆ ಇಲ್ಲ ಸಾರ್. ಸುಮ್ನೆ ದೂರು ಕೊಡ್ತಾರೆ. ಬೇಕಾದ್ರೆ ರಿಪೋರ್ಟ್ ನೋಡಿ."

ಸಾಹೇಬರು ರಿಪೋರ್ಟ್ ಮುಟ್ಟಲಿಲ್ಲ. "ಪೆಟ್ಟಿಗೇನ ಕೇಳ್ದೆ, ಕಂಬಾನ ಕೇಳ್ದೆ. ಮನೆಯವರನ್ನ ಕೇಳಿದೆಯೇನಪ್ಪಾ?"

"ಆಯಮ್ಮಗೆ ಮಾತೇ ಬರಲ್ಲ ಸಾರ್. ಏನಂತ ಕೇಳ್ಲಿ?"

"ತೊಂದ್ರೆ ಬರೋ ಹೊತ್ತು ಅವರಿಗೆ ಗೊತ್ತಿರುತ್ತೆ. ಆ ಹೊತ್ತಿಗೆ ಹೋಗು. ಲೈನ್ ಕಟ್ ಆಗೋ ತನಕ ಒಂದು ಸ್ಕ್ರೂನೂ ಮುಟ್ಟಬೇಡ. ಸುಮ್ನೆ ಕೂತ್ಕೋ."

ತಿಪ್ಪೇಶನಿಗೆ ಅದು ಹೊತ್ತು ಹಾಳು ಅನ್ನಿಸಿತು. ಆದರೂ ಹೇಳಿದವರು ಸಾಹೇಬರು. ಮಾರನೆ ದಿನ ನಾಲ್ಕಕ್ಕೆ ಐದು ನಿಮಿಷ ಇದ್ದಾಗ ಹೋಗಿ, ಕೊಟ್ರಮ್ಮನ ಮನೆಯ ಸ್ಟೂಲಿನ ಮೇಲೆ ಕೂತ.

ಕೊಟ್ರಮ್ಮ ಅವನನ್ನು ಅನುಮಾನದಿಂದ ನೋಡಿದಳು. ಅವನು ಟ್ಯಾಬ್ ಕಡೆ ಬೆರಳು ತೋರಿಸಿದ, ಅವಳ ಕಡೆ ತೋರಿಸಿದ, ಆಮೇಲೆ ಎರಡೂ ಕೈ ಕಟ್ಟಿ ಸುಮ್ಮನಾದ. ದಿನಾ ಮಾಡುವ ಹಾಗೇ ಮಾಡು ಎಂಬುದು ಅವಳಿಗೆ ತಿಳಿಯಿತು. ಟ್ಯಾಬನ್ನು ಹೊಲಿಗೆ ಯಂತ್ರಕ್ಕೆ ಒರಗಿಸಿ ಕಾಲ್ ಮಾಡಿದಳು.

ಪರದೆಯಲ್ಲಿ ಹಾಲಮ್ಮ ಬಂದಳು. ಅವಳು ಕಣ್ಣು ಕಿರಿದು ಮಾಡಿ, ಮುಖ ಹತ್ತಿರ ತಂದು, ಕಾಣುತ್ತಿಲ್ಲ ಎಂದು ಅಂಗೈ ಅಲ್ಲಾಡಿಸಿದಳು. ಕೊಟ್ರಮ್ಮನ ಬೆನ್ನ ಹಿಂದಿನ ಕಿಟಕಿಯಿಂದ ಇಳಿಬಿಸಿಲು ನೇರ ಒಳಗೆ ಬರುತ್ತಿತ್ತು. ಆ ಬೆಳಕಿಗೆ ಅವಳ ಕೈಗಳು ತಂಗಿಗೆ ಬರೀ ಕಪ್ಪಾಗಿ ಕಾಣುತ್ತಿದ್ದವು. ಕೊಟ್ರಮ್ಮ ಎದ್ದಳು. ಕಿಟಕಿಯ ಬಾಗಿಲನ್ನು ಒತ್ತಿ ಮುಚ್ಚಿ ಚಿಲಕ ಹಾಕಿದಳು. ಬಂದು ಕೂತು ಕೈ ಎತ್ತುವಷ್ಟರಲ್ಲಿ ಚಿತ್ರ ನಿಂತಿತು. ಪೆಟ್ಟಿಗೆಯ ಮೇಲೆ ಕೆಂಪು ದೀಪ ಹತ್ತಿತು.

ಅವಳ ಎತ್ತಿದ ಕೈಗಳು ಹಾಗೇ ಗಾಳಿಯಲ್ಲಿ ನಿಂತವು. ಆಮೇಲೆ ಮೆಲ್ಲಗೆ ಮಡಿಲಿಗೆ ಇಳಿದವು. ದಿನವೂ ಇದೇ ಆಗುತ್ತಿತ್ತೆಂದು ತಿಪ್ಪೇಶನಿಗೆ ಆಗ ಗೊತ್ತಾಯಿತು.

ಅವನು ಎದ್ದು ಕಿಟಕಿಯ ಹತ್ತಿರ ಹೋದ. ಹೊರಗಿನಿಂದ ಬರುವ ಸಣ್ಣ ವೈರು ಕಿಟಕಿಯ ಚೌಕಟ್ಟಿನ ಸಂದಿಯಲ್ಲೇ ಒಳಗೆ ಬಂದಿತ್ತು. ಬಾಗಿಲು ಮುಚ್ಚಿದಾಗ ಅದು ಮರಕ್ಕೆ ಸಿಕ್ಕಿ ಮಡಚಿಕೊಳ್ಳುತ್ತಿತ್ತು. ಬಾಗಿಲು ತೆರೆದರೆ ವೈರು ಸಡಿಲವಾಗಿ, ಒಂದೆರಡು ನಿಮಿಷಕ್ಕೆ ಲೈನ್ ತಾನೇ ಬರುತ್ತಿತ್ತು. ಅವನು ಬೆಳಿಗ್ಗೆ ಬಂದಾಗಲೂ, ರೂಪಶ್ರೀ ಸಂಜೆ ಬಂದಾಗಲೂ ಕಿಟಕಿ ತೆರೆದೇ ಇರುತ್ತಿತ್ತು. ಆ ವೈರನ್ನು ಎರಡು ವರ್ಷದ ಹಿಂದೆ ಅಲ್ಲಿ ಎಳೆದವನೂ ಅವನೇ. ಗೋಡೆ ಕೊರೆಯಲು ಬೇಸರಪಟ್ಟು ಸಂದಿಯಲ್ಲಿ ತೂರಿಸಿದ್ದ.

ತಿಪ್ಪೇಶ ಡ್ರಿಲ್ ತೆಗೆದ. ಗೋಡೆಯಲ್ಲಿ ತೂತು ಮಾಡಿ, ಪೈಪಿನ ತುಂಡು ಕೂರಿಸಿ, ಅದರೊಳಗೆ ಹೊಸ ವೈರು ಎಳೆದ. ನೆಲಕ್ಕೆ ಬಿದ್ದ ಮಣ್ಣನ್ನು ತಾನೇ ಗುಡಿಸಿದ. ಅಷ್ಟು ಹೊತ್ತಿಗೆ ರೂಪಶ್ರೀ ಶಾಲೆಯಿಂದ ಬಂದಳು. ತಿಪ್ಪೇಶ ಅವಳ ಮುಂದೆಯೇ ಕಿಟಕಿ ಮುಚ್ಚಿ ಚಿಲಕ ಹಾಕಿದ. ಹಸಿರು ದೀಪ ಉರಿಯುತ್ತಲೇ ಇತ್ತು. ಕೊಟ್ರಮ್ಮ ಮತ್ತೆ ಕಾಲ್ ಮಾಡಿದಳು.

ಹಾಲಮ್ಮನ ಮುಖ ಈ ಸಲ ಗಂಟಿಕ್ಕಿಕೊಂಡಿತ್ತು. ಅವಳು ಎರಡೂ ಅಂಗೈಗಳಿಂದ ಕಣ್ಣು ಮುಚ್ಚಿಕೊಂಡಳು, ಎದೆ ಮುಟ್ಟಿಕೊಂಡಳು, ಆಮೇಲೆ ಅಕ್ಕನ ಕಡೆ ಬೆರಳು ಮಾಡಿ ಕತ್ತು ಹೊರಳಿಸಿದಳು.

"ಏನಂತಾರೆ?" ತಿಪ್ಪೇಶ ಮೆಲ್ಲಗೆ ಕೇಳಿದ.

ರೂಪಶ್ರೀ ಹೇಳಿದಳು. "ಚಿಕ್ಕಮ್ಮಗೆ ಒಂದು ಕಣ್ಣು ಮೊದ್ಲೇ ಕಾಣಲ್ಲ. ಇನ್ನೊಂದಕ್ಕೂ ಈ ಬೇಸಿಗೆಗೆ ಪೊರೆ ಬಂದು ಬಿಸಿಲಿನ ಎದುರು ಕಾಣ್ತಿಲ್ಲ, ಗುರುವಾರ ಆಪರೇಷನ್. ಪಟ್ಟಿ ಕಟ್ಟಿದ್ರೆ ಕಿವಿನೂ ಇಲ್ಲ, ಕಣ್ಣೂ ಇಲ್ಲ, ನಾನು ಕತ್ತಲಲ್ಲಿ ಒಬ್ಳೇ ಆಗ್ತೀನಿ ಅಂತ ಹೆದರಿದಾರೆ. ಆಪರೇಷನ್ನೇ ಬೇಡ ಅಂತಿದಾರೆ. ಈ ವಾರ ಅವ್ವ ಸಮಾಧಾನ ಹೇಳೋಕೆ ಕೂತಾಗೆಲ್ಲ ಲೈನ್ ಹೋಗೋದು. ನನ್ನ ಭಯ ಕೇಳೋಕೆ ಅಕ್ಕಗೆ ಮನಸಿಲ್ಲ, ಅದಕ್ಕೇ ಕಟ್ ಮಾಡ್ತಾಳೆ ಅಂತ ಚಿಕ್ಕಮ್ಮ ಅಂದ್ಕೊಂಡ್ಬಿಟ್ಟಿದಾರೆ. ಲೈನೇ ಕೆಟ್ಟಿದೆ ಅಂತ ನಾನು ಅವರ ಮಗನ ಕೈಲಿ ಹೇಳಿಸಿದೆ. ಅವರು ನಂಬಲಿಲ್ಲ."

ತಿಪ್ಪೇಶ ತಲೆ ತಗ್ಗಿಸಿದ.

ಕೊಟ್ರಮ್ಮ ಪರದೆಯ ಮುಂದೆ ಕೈಮಾತು ಶುರು ಮಾಡಿದ್ದಳು. ವೈರು ತೋರಿಸಿದಳು, ಕಿಟಕಿ ತೋರಿಸಿದಳು, ತಿಪ್ಪೇಶನನ್ನೂ ತೋರಿಸಿದಳು. ಆಮೇಲೆ ತನ್ನ ಬಲಗೈಯನ್ನು ಎಡ ಅಂಗೈಯಲ್ಲಿ ಇಟ್ಟು ಒಮ್ಮೆ ಒತ್ತಿದಳು. ಎರಡು ಸಲ ಒತ್ತಿ, ನೀರು ಕುಡಿಯುವಂತೆ ತೋರಿಸಿದಳು. ಹಾಲಮ್ಮನ ಕಣ್ಣಿಂದ ನೀರು ಇಳಿಯಿತು. ತಾನೂ ತನ್ನ ಅಂಗೈಯನ್ನು ಒಮ್ಮೆ ಒತ್ತಿಕೊಂಡಳು.

"ಬುಧವಾರವೇ ಹೊರಟು ಬರ್ತೀನಿ ಅಂದ್ರು ಅವ್ವ," ಎಂದಳು ರೂಪಶ್ರೀ. "ಪಟ್ಟಿ ಇರೋ ತನಕ ಕೈ ಬಿಡಲ್ಲ. ಒಂದು ಸಲ ಒತ್ತಿದ್ರೆ, ಇಲ್ಲೇ ಇದೀನಿ ಅಂತ ಅರ್ಥ. ಎರಡು ಸಲ ಒತ್ತಿದ್ರೆ, ನೀರು ಅಂತ. ಚಿಕ್ಕಮ್ಮ ಒಪ್ಪಿದ್ರು."

ತಿಪ್ಪೇಶ ಚೀಲ ಕಟ್ಟಿಕೊಂಡು ಎದ್ದ. ಕೊಟ್ರಮ್ಮನ ಮುಂದೆ ನಿಂತು ಎರಡೂ ಕೈ ಮುಗಿದ. "ತಪ್ಪಾಯ್ತು ಅಂತ ಹೇಳಿ ಅಕ್ಕಾ. ಮೂರು ಸಲ ಬಂದೆ, ಒಂದು ಸಲನೂ ಇವರ ಮುಖ ನೋಡ್ಲಿಲ್ಲ."

ರೂಪಶ್ರೀ ಅದನ್ನು ಕೈಯಲ್ಲಿ ಹೇಳುವ ಮೊದಲೇ ಕೊಟ್ರಮ್ಮನಿಗೆ ಅರ್ಥವಾಗಿತ್ತು. ಅವಳು ಅವನ ಮುಗಿದ ಕೈಗಳನ್ನು ಹಿಡಿದು ಬಿಡಿಸಿ, ಅದೇ ಸ್ಟೂಲಿನ ಮೇಲೆ ಕೂರಿಸಿ, ಒಂದು ತಟ್ಟೆ ಒಗ್ಗರಣೆ ಮಂಡಕ್ಕಿ ಕೊಟ್ಟಳು. ಅವನು ತಿಂದು ಮುಗಿಸುವವರೆಗೂ ಎದುರಿಗೇ ಕೂತಿದ್ದಳು.

ಬೀದರಿನಲ್ಲಿ ಆಪರೇಷನ್ ಚೆನ್ನಾಗಿ ಆಯಿತು. ಪಟ್ಟಿ ಬಿಚ್ಚಿದಾಗ ಹಾಲಮ್ಮ ಮೊದಲು ಕಂಡದ್ದು ಅಕ್ಕನ ಮುಖವನ್ನು. ಎಷ್ಟು ನರೆತಿದ್ದೀ ಎಂದು ಕೈಯಾಡಿಸಿ ನಕ್ಕಳಂತೆ.

ನೀತಿ: ನಾವು ನೋಡಿದಾಗ ಕಾಣಲಿಲ್ಲ ಎಂದ ಮಾತ್ರಕ್ಕೆ ಇನ್ನೊಬ್ಬರ ತೊಂದರೆ ಸುಳ್ಳಾಗುವುದಿಲ್ಲ. ತೊಂದರೆ ಪಡುವವರ ಪಕ್ಕದಲ್ಲಿ, ಅವರು ಹೇಳಿದ ಹೊತ್ತಿಗೆ, ಸ್ವಲ್ಪ ಕಾಲ ಸುಮ್ಮನೆ ಕೂತು ನೋಡಬೇಕು. ಅವಸರದ ಕಣ್ಣಿಗೆ ಸಿಗದ ದೋಷ ಆಗ ಸಿಗುತ್ತದೆ, ಕೆಲವೊಮ್ಮೆ ಅದು ನಮ್ಮದೇ ಆಗಿರುತ್ತದೆ.