ಆಟದ ಲೋಟದಲ್ಲಿ ಕಾಫಿ

ಮಕ್ಕಳ ಆಟಿಕೆಗೆ ಬಿಗಿ ಕಾನೂನು ಬೇಕೋ ಬೇಡವೋ ಅಂತ ಸಮಿತಿಯ ಸಭೆ ಕೂತಿತ್ತು. ಆಟಿಕೆ ಕಾರ್ಖಾನೆಯ ಧರಣಪ್ಪ ಸಾಹುಕಾರರು ತಮ್ಮ ಅಡುಗೆ ಆಟದ ಸಾಮಾನು ಮೇಜಿನ ಮೇಲೆ ಹರಡಿ ಗುಡುಗಿದರು: "ಕೂಸು ದಿನವಿಡೀ ಚೀಪಿದರೂ ಏನೂ ಆಗಲ್ಲ ಸ್ವಾಮಿ! ಕಾನೂನು ಯಾತಕ್ಕೆ?"

ಅಧ್ಯಕ್ಷರು ತಲೆದೂಗಿ ಕಡತ ಮುಚ್ಚಿದರು.

ಕಾಫಿ ಕೊಡುವ ಮಾಳಮ್ಮ ಇದನ್ನೆಲ್ಲ ಕೇಳಿಸಿಕೊಂಡಳು. ಅವಳ ಮೊಮ್ಮಗಳು ಇಂಥದೇ ಆಟದ ಲೋಟ ಚೀಪಿ ವಾರವೆಲ್ಲ ವಾಂತಿ ಮಾಡಿಕೊಂಡಿದ್ದಳು. ಮಾಳಮ್ಮ ಮೇಜಿನ ಮೇಲಿದ್ದ ಪುಟ್ಟ ಕೆಂಪು ಲೋಟವನ್ನೇ ತೊಳೆದು, ಬಿಸಿ ಕಾಫಿ ಬಗ್ಗಿಸಿ, ಸಾಹುಕಾರರ ಮುಂದಿಟ್ಟಳು.

"ಏನಮ್ಮ, ಇದರಲ್ಲಿ ಯಾರಾದ್ರೂ ಕುಡೀತಾರಾ? ಬಣ್ಣ ಬಿಡುತ್ತೆ!" ಸಾಹುಕಾರರು ರೇಗಿದರು.

"ತಪ್ಪಾಯ್ತು ಸ್ವಾಮಿ. ದೊಡ್ಡೋರಿಗೆ ಬೇರೆ ಲೋಟ ತರ್ತೀನಿ," ಅಂದಳು ಮಾಳಮ್ಮ.

ಮುಚ್ಚಿದ್ದ ಕಡತವನ್ನು ಅಧ್ಯಕ್ಷರು ಮತ್ತೆ ಬಿಚ್ಚಿದರು.