ಮಾವುತನ ಕಾಲು

"ಗುರುಗಳೇ, ಯಾವ ಮದ್ದು ತರಿಸಲಿ?" ಎಂದು ಶಿಷ್ಯ ಸಿದ್ಧವೀರ ಕೇಳಿದ. ಮಠದ ಔಷಧಾಲಯ ಅವನ ವಶದಲ್ಲಿತ್ತು. "ಮನಸ್ಸು ಕದಡಿದವರಿಗೆ ಹಳೆಯ ಮಾತ್ರೆ ಇದೆ, ಈಗ ಹೊಸದೂ ಬಂದಿದೆ. ಕಿವಿಯಲ್ಲಿ ಕೇಳುವ ಇಲ್ಲದ ದನಿಗಳನ್ನು ಎರಡೂ ಒಂದೇ ಸಮ ಅಡಗಿಸುತ್ತವೆ. ಹೊಸದನ್ನು ಒಬ್ಬನಿಗೆ ಕೊಡುವ ಖರ್ಚಿನಲ್ಲಿ ಹಳೆಯದನ್ನು ಹತ್ತು ಜನಕ್ಕೆ ಕೊಡಬಹುದು. ಹೆಚ್ಚು ಜನಕ್ಕೆ ಕೊಡುವುದೇ ಧರ್ಮವಲ್ಲವೇ?"

ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವೈದ್ಯನಿದ್ದ. ಒಳ್ಳೆಯವನೇ. ದೊರೆ ಕೊಟ್ಟ ಹಣದಲ್ಲಿ ಬಡವರಿಗೆ ಮದ್ದು ಕೊಡುತ್ತಿದ್ದ. ಒಂದು ಚಿಟಿಕೆಯೂ ಹಾಳಾಗಬಾರದು ಎಂಬ ಹಟ ಅವನದು. ಅವನ ಬಳಿಗೆ ಒಬ್ಬ ಮಾವುತ ಬಂದ. ಯಾರೂ ಇಲ್ಲದ ಕಡೆಯಿಂದ ಯಾರೋ ಅವನನ್ನು ಬೈಯುತ್ತಿದ್ದರು, ಸಾಯಿ ಎನ್ನುತ್ತಿದ್ದರು. ವೈದ್ಯ ಹಳೆಯ ಮದ್ದು ಕೊಟ್ಟ. ದನಿಗಳು ಅಡಗಿದವು. ವೈದ್ಯನಿಗೆ ಸಂತೋಷವಾಯಿತು, ಆಗಬೇಕಾದದ್ದೇ.

ಕೆಲವು ವಾರಗಳ ಮೇಲೆ ಮಾವುತ ಮತ್ತೆ ಬಂದ. "ದನಿ ಕೇಳಾಕಿಲ್ಲ ಬುದ್ಧಿ. ಆದ್ರೆ ಕಾಲು ಒಂದ್ಕಡೆ ನಿಲ್ಲಾಕಿಲ್ಲ, ತನ್ ಪಾಡ್ಗೆ ತಾನು ಅದರ್ತದೆ," ಎಂದ.

"ಪ್ರಾಣ ಉಳಿಯಿತಲ್ಲ, ಕಾಲು ಅದುರಿದರೆ ಅದುರಲಿ ಬಿಡು," ಎಂದ ವೈದ್ಯ. ಹಾಗೆ ಕಾಲು ಅದುರಿಸದ, ಸಮುದ್ರದಾಚೆಯಿಂದ ಬಂದ ಹೊಸ ಮದ್ದೊಂದು ಅವನ ಪೆಟ್ಟಿಗೆಯಲ್ಲಿತ್ತು. ಆದರೆ ಅದು ಬಲು ದುಬಾರಿ, ಹೊರಗೆ ಜಗುಲಿಯ ತುಂಬ ಜನ ಕೂತಿದ್ದರು. ಇಷ್ಟು ಸಣ್ಣ ತೊಂದರೆಗೆ ಅದನ್ನು ಕೊಡಲು ಅವನಿಗೆ ಮನಸ್ಸಾಗಲಿಲ್ಲ.

ಅಷ್ಟರಲ್ಲಿ ಆ ಮಾವುತನ ಹೆಣ್ಣಾನೆಗೆ ತಲೆಕೆಟ್ಟಿದೆ ಎಂದು ಸುದ್ದಿ ಹಬ್ಬಿತು. ನೇರ ದಾರಿಯಲ್ಲಿ ಹೋಗುತ್ತಾ ಹೋಗುತ್ತಾ ಬೇಲಿಗೆ ನುಗ್ಗುತ್ತಿತ್ತು. ನಡುಬೀದಿಯಲ್ಲಿ ಮಂಡಿಯೂರುತ್ತಿತ್ತು, ಎದ್ದರೆ ಹಿಂದಕ್ಕೆ ನಡೆಯುತ್ತಿತ್ತು. ಆನೆಲಾಯದ ಯಜಮಾನ ಅದಕ್ಕೆ ಸರಪಳಿ ಹಾಕಿಸಿದ. ಇನ್ನು ಬದುಕಿರುವ ತನಕ ಬಿಚ್ಚುವ ಹಾಗಿಲ್ಲ ಎಂದ. ಮಾವುತ ಓಡಿಬಂದು ವೈದ್ಯನ ಪಾದ ಹಿಡಿದುಕೊಂಡ. "ನನ್ ಹುಚ್ಚು ಅವಳಿಗೆ ಅಂಟ್ಕತು ಬುದ್ಧಿ. ನಂಗೆ ಬ್ಯಾಡ, ನನ್ ಮದ್ನ ಅವಳಿಗೆ ಕೊಡಿ."

ವೈದ್ಯನಿಗೆ ನಗು ಬರಲಿಲ್ಲ. ಎದ್ದು ಅವನ ಜೊತೆ ಹೋದ. ಯಜಮಾನನನ್ನು ಒಪ್ಪಿಸಿ ಸರಪಳಿ ಬಿಚ್ಚಿಸಿ, ಮಾವುತನನ್ನು ಆನೆಯ ಕೊರಳ ಮೇಲೆ ಕೂರಿಸಿ, ಎದುರಿಗೆ ನಿಂತು ನೋಡಿದ. ಮಾವುತರು ಆನೆಗೆ ಬಾಯಲ್ಲಿ ಹೇಳುವುದು ಕಡಿಮೆ. ಕಿವಿಯ ಹಿಂದೆ ಕಾಲ್ಬೆರಳಿಟ್ಟು ಒತ್ತುತ್ತಾರೆ, ಒಂದೊಂದು ಒತ್ತಿಗೆ ಒಂದೊಂದು ಅಪ್ಪಣೆ. ಮಾವುತನ ಬಲಗಾಲು ಅದುರಿತು, ಆನೆ ಎಡಕ್ಕೆ ತಿರುಗಿತು. ಎಡಗಾಲು ಅದುರಿತು, ಬಲಕ್ಕೆ ತಿರುಗಿತು. ಎರಡೂ ಅದುರಿದವು, ಅಷ್ಟು ದೊಡ್ಡ ಪ್ರಾಣಿ ಮಂಡಿಯೂರಿ ಕೂತಿತು, ಎದ್ದಿತು, ಮತ್ತೆ ಕೂತಿತು. ಮಂಡಿ ತರಚಿ ರಕ್ತ ಬರುತ್ತಿತ್ತು. ಆದರೂ ಒಂದು ಅಪ್ಪಣೆಯನ್ನೂ ಅದು ಮೀರಲಿಲ್ಲ.

ವೈದ್ಯನ ಮೈ ಜುಮ್ಮೆಂದಿತು. ಊರೆಲ್ಲ ಹುಚ್ಚೆಂದು ಕರೆದದ್ದು ಇಂಥ ನಿಷ್ಠೆಯನ್ನೇ ಎಂದು ತಿಳಿದು, ತನಗೇ ಅರಿವಿಲ್ಲದೆ ಆನೆಗೆ ಕೈಮುಗಿದ. ಅಂದೇ ಮಾವುತನಿಗೆ ಹೊಸ ಮದ್ದು ಶುರುಮಾಡಿದ. ಮೆಲ್ಲಮೆಲ್ಲನೆ ಅವನ ಕಾಲು ನಿಂತಿತು, ದನಿಗಳೂ ಮರಳಲಿಲ್ಲ. ಒಂದು ಬೆಳಿಗ್ಗೆ ಆನೆ ಅವನನ್ನು ಹೊತ್ತು ನೇರವಾಗಿ ಹೊಳೆಗೆ ನಡೆಯಿತು. ದಡದಲ್ಲಿದ್ದ ವೈದ್ಯ ದೇವರನ್ನು ಕಂಡವನಂತೆ ನೋಡುತ್ತ ನಿಂತ. ಹಳೆಯ ಮದ್ದೇ ಚೆನ್ನಾಗಿ ಒಗ್ಗಿದ್ದ ಒಬ್ಬ ಅಗಸ ಪಕ್ಕದಲ್ಲಿ ಬಟ್ಟೆ ಒಗೆಯುತ್ತಿದ್ದ. ಅವನಿಗೆ ವೈದ್ಯ ಹಳೆಯದನ್ನೇ ಮುಂದುವರಿಸಿದ.

ಕತೆ ಮುಗಿಯಿತು. ಸಿದ್ಧವೀರ ಕೇಳಿದ: "ನಮ್ಮಲ್ಲಿಗೆ ಬರುವವರೂ ಕೈ ನಡುಗುತ್ತದೆ, ಮಂಪರು ಬಿಡುವುದಿಲ್ಲ ಎನ್ನುತ್ತಾರೆ. ಅದನ್ನೆಲ್ಲ ಎಷ್ಟರಮಟ್ಟಿಗೆ ನಂಬುವುದು, ಗುರುಗಳೇ?"

ಗುರುಗಳು ಅವನ ಮುಖ ನೋಡಿ ಹೇಳಿದರು: "ನಿನ್ನನ್ನು ನಂಬಿಸಲು ಒಬ್ಬೊಬ್ಬರೂ ಒಂದೊಂದು ಆನೆ ತರಬೇಕೇನಪ್ಪ?"