ತೋಟದ ಕಳೆ

“ತೋಟದ ಮುಖದಲ್ಲಿ ಕಳೆಯೇ ಇಲ್ಲವಲ್ಲೋ,” ಎಂದರು ಪಾಲಾಕ್ಷ ಗುರುಗಳು.

ಶಿಷ್ಯ ವಾಮನ ಹಿಗ್ಗಿದ. “ಒಂದೂ ಬಿಡದೆ ಕಿತ್ತಿದ್ದೇನೆ ಗುರುಗಳೇ. ಬದುವಿನ ತುಂಬೆ ಗಿಡ ಸಹಿತ.”

ಗುರುಗಳು ನಿಟ್ಟುಸಿರಿಟ್ಟು ಆಶ್ರಮದೊಳಗೆ ಹೋದರು.

ವಾಮನನಿಗೆ ಮಡಿಯೆಂದರೆ ಪ್ರಾಣ. ಬೆಲ್ಲವನ್ನೂ ತೊಳೆದು ತಿನ್ನುವ ಆಸಾಮಿ. ಬದನೆ ಸಸಿಗಳನ್ನು ಸಹ ಹೊಳೆಗೆ ಒಯ್ದು, ಬೇರು ಬೆಳ್ಳಗಾಗುವ ತನಕ ತೊಳೆದು ನೆಟ್ಟಿದ್ದ. ಹಸಿದು ಬಂದವರ ಎಲೆಗೆ ಬೀಳುವ ಪಲ್ಯ ಈ ತೋಟದ್ದೇ. ಗುರುಗಳು ಅದನ್ನು ಮೊದಲ ಸಲ ಅವನ ಕೈಗೆ ಒಪ್ಪಿಸಿದ್ದರು.

ಕೆಲವು ದಿನ ಕಳೆಯುವುದರೊಳಗೆ ಎಲೆಗೆ ಹುಳು ಬಿತ್ತು, ಬೇರು ಕೊಳೆಯತೊಡಗಿತು. ಸಾಲಿಗೆ ಸಾಲೇ ತಲೆಬಾಗಿತು. ವಾಮನ ಪೇಟೆಗೆ ಓಡಿ ಹುಳು ಕೊಲ್ಲುವ ವಿಷದ ಬಾಟಲಿ ತಂದ.

ಮುಚ್ಚಳ ತೆಗೆಯುವಷ್ಟರಲ್ಲಿ ಗುರುಗಳು ಬಂದು ಸಾಲಿನ ನಡುವೆ ಕುಕ್ಕರುಗಾಲಲ್ಲಿ ಕೂತರು. ಗಿಡದ ಬುಡವನ್ನು ಅಂಗೈಯಿಂದ ಮುಚ್ಚಿದರು.

“ಸುರಿ.”

“ಅಯ್ಯೋ, ಕೈ ತೆಗೆಯಿರಿ! ಇದು ವಿಷ!”

“ಕೆಳಗಿರುವವರಿಗೆ ಹೇಳದೆ ಸುರಿಯಲು ಹೊರಟವನು ನನ್ನ ಕೈಗೆ ಯಾಕೆ ಹೆದರುತ್ತೀ?”

“ಕೆಳಗೆ ಯಾರಿದ್ದಾರೆ?”

“ಬೇರಿಗೆ ಕಾವಲು ಕೂತ ಮಣ್ಣಿನ ಜೀವಿಗಳು. ಕಣ್ಣಿಗೆ ಕಾಣುವುದಿಲ್ಲ.”

ವಾಮನ ಬಾಟಲಿಯನ್ನು ನೆಟ್ಟಗೆ ಹಿಡಿದ. ಒಂದು ಹನಿ ತುಳುಕಿದರೂ ಗುರುಗಳ ಕೈಮೇಲೆಯೇ. ಅವರು ಕದಲಲಿಲ್ಲ. ವಾಮನನೇ ಸೋತು ಮುಚ್ಚಳ ಬಿಗಿದ.

“ನೆಟ್ಟಗೆ ನಿಂತ ಸಾಲು ಒಂದೂ ಇಲ್ಲವೇ?”

ವಾಮನನಿಗೆ ನಾಚಿಕೆಯಾಯಿತು. “ಕೊನೆಯದೊಂದಿದೆ. ನಿಮಗೆ ಸುಳ್ಳು ಹೇಳಿದ್ದೆ. ಅದನ್ನು ನೆಡುವಾಗ ಮಳೆ ಬಂತು. ಅಲ್ಲಿ ಬೇರನ್ನೂ ತೊಳೆಯಲಿಲ್ಲ, ತುಂಬೆಯನ್ನೂ ಕೀಳಲಿಲ್ಲ.”

ಗುರುಗಳು ಅವನನ್ನು ಅಲ್ಲಿಗೇ ಕರೆದೊಯ್ದರು. ತುಂಬೆ ಹೂವಿನ ಸುತ್ತ ಕಣಜಗಳು ಹಾರಾಡುತ್ತಿದ್ದವು. ಒಂದು ಕಣಜ ಬದನೆಯ ಎಲೆಗೆ ಎರಗಿ ಹುಳುವನ್ನು ಕಚ್ಚಿಕೊಂಡು ಹೋಯಿತು. ವಾಮನ ಬಾಯಿಬಿಟ್ಟು ನೋಡಿದ.

ಗುರುಗಳು ಆ ಸಾಲಿನ ಬೇರಿನ ಮಣ್ಣನ್ನು ಕೆದಕಿ ಅವನ ಬೊಗಸೆಗೆ ಹಾಕಿದರು. “ಆ ಕಾವಲಿನವರು ಇದರಲ್ಲಿದ್ದಾರೆ. ಜೀವವಿರುವ ಗಿಡಕ್ಕೆಲ್ಲ ಉಣಿಸು.”

“ಬದುಕುತ್ತವೆಯೇ?”

ಗುರುಗಳು ಬಾಗಿ ಇನ್ನೊಂದು ಹಿಡಿ ಮಣ್ಣು ಕೆದಕಿದರು. ವಾಮನ ಮಂಡಿಯೂರಿ ಬುಡದಿಂದ ಬುಡಕ್ಕೆ ತೆವಳಿದ. ಉಗುರಿನ ಸಂದಿಗೆಲ್ಲ ಮಣ್ಣು ಸೇರಿತು, ಬೆವರು ಒರೆಸಿಕೊಂಡಲ್ಲಿ ಹಣೆಗೂ ಮೆತ್ತಿತು. ಹೊತ್ತು ಇಳಿಯುವಾಗ ಎದ್ದು ಅಭ್ಯಾಸಬಲದಿಂದ ಹೊಳೆಯ ಕಡೆ ತಿರುಗಿದ.

“ಎಲ್ಲಿಗೆ?” ಎಂದರು ಗುರುಗಳು.

“ಕೈ, ಮುಖ ತೊಳೆಯಲು.”

“ತಡಿಯೋ ಮಾರಾಯ. ಈಗ ತಾನೇ ಕಳೆ ಬಂದಿದೆ.”